ಬಾಗಿಲೊಲೆಯ ಕೆಂಡ

ಅಳಿಯನ ಮೇಲೆ ನನಗೆ ಅನುಮಾನ ಹುಟ್ಟಿದ್ದೇ ಅವನು ತೀರಾ ಒಳ್ಳೆಯವನಾಗಿದ್ದರಿಂದ. ಹೇಳಿದ್ದಕ್ಕೆಲ್ಲ ತಲೆಯಾಡಿಸುವ, ಬೈದರೆ ನಗುವ, ನಾನು ಏಳುವ ಮೊದಲೇ ಎದ್ದು ಮನೆ ಗುಡಿಸಿಡುವ ಗಂಡಸನ್ನು ನಾನು ಕಂಡವಳಲ್ಲ. ನನ್ನ ಗಂಡ ಬದುಕಿದ್ದಷ್ಟು ಕಾಲ ಒಂದು ದಿನವೂ ಪೊರಕೆ ಮುಟ್ಟಲಿಲ್ಲ. ಅವನ ಹೊಟ್ಟೆಯಲ್ಲಿ ಏನಿದೆ ಎನ್ನುವುದು ನನಗೆ ಸದಾ ಗೊತ್ತಿರುತ್ತಿತ್ತು: ಸೋಮಾರಿತನ. ಇವನ ಹೊಟ್ಟೆಯಲ್ಲಿ ಏನಿದೆಯೋ ಯಾರಿಗೆ ಗೊತ್ತು?

ನಾವು ಮರದ ಮೇಲಿನವರು. ದೊಡ್ಡ ಮರಗಳ ಕವಲುಗಳಲ್ಲಿ ನಮ್ಮ ಮನೆ, ಮರದಿಂದ ಮರಕ್ಕೆ ಹಾಸಿದ ಹಲಗೆಗಳೇ ನಮ್ಮ ಬೀದಿ. ಇಂಥ ಕಡೆ ಬೆಂಕಿಯೆಂದರೆ ಹುಡುಗಾಟವಲ್ಲ. ಯಾವುದೋ ಕಾಲದಲ್ಲಿ ಯಾರೋ ಕಲ್ಲಿಗೆ ಕಲ್ಲು ಬಡಿದು ಕಿಡಿ ಹಾರಿಸಿ ಅರ್ಧ ಕಾಡನ್ನೇ ಸುಟ್ಟರಂತೆ. ಅಂದಿನಿಂದ ಹೊಸ ಬೆಂಕಿ ಹುಟ್ಟಿಸುವಂತಿಲ್ಲ. ಇರುವ ಬೆಂಕಿಯನ್ನೇ ತಾಯಿಯಿಂದ ಮಗಳು ಪಡೆಯಬೇಕು, ಹಗಲು ಉರಿಸಬೇಕು, ರಾತ್ರಿ ಬೂದಿಯಡಿ ಮಲಗಿಸಬೇಕು. ನಡುವೊಲೆಯಲ್ಲಿ ಯಾರ ಬೆಂಕಿ ಇದೆಯೋ ಮನೆ ಅವರದು. ಬೆಂಕಿ ಸತ್ತವಳು ಬಾಗಿಲ ಪಕ್ಕ ಕೂತು ಉಳಿದವರು ಕೊಟ್ಟಿದ್ದನ್ನು ತಿನ್ನಬೇಕು. ನನ್ನ ಬೆಂಕಿ ನನ್ನ ಅಮ್ಮ ಕೊಟ್ಟಿದ್ದು, ಅವಳಿಗೆ ಅವಳಮ್ಮ ಕೊಟ್ಟಿದ್ದು. ಅದರ ಜಂಬ ನನಗೆ ಎಷ್ಟಿತ್ತು ಎಂದು ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಉಪ್ಪುಖಾರ ಹಚ್ಚಿಯೇ ಹೇಳುತ್ತಾರೆ.

ಮದುವೆಯಾದ ಗಂಡು ಹೆಂಡತಿಯ ಮನೆಗೆ ಬರುವಾಗ ತನ್ನ ತಾಯಿಯ ಒಲೆಯ ಕೆಂಡವೊಂದನ್ನು ಮಣ್ಣಿನ ಕುಡಿಕೆಯಲ್ಲಿ ತರುತ್ತಾನೆ. ಅದನ್ನು ಬಾಗಿಲ ಬಳಿಯ ಚಿಕ್ಕ ಒಲೆಯಲ್ಲಿಟ್ಟು ಒಂದು ವರ್ಷ ಅವನೇ ಸಾಕಬೇಕು. ಕೆಂಡ ಸಾಕಿದವನು ಕೂಸನ್ನೂ ಸಾಕಿಯಾನು ಎಂದು ನಮ್ಮ ಲೆಕ್ಕ. ವರ್ಷ ತುಂಬಿದಾಗ ಎರಡು ಬೆಂಕಿಗಳನ್ನೂ ನಡುವೊಲೆಯಲ್ಲಿ ಸೇರಿಸುತ್ತೇವೆ. ಅಷ್ಟರೊಳಗೆ ಅವನ ಕೆಂಡ ಸತ್ತರೆ ಅವನು ಖಾಲಿ ಕುಡಿಕೆ ಹಿಡಿದು ವಾಪಸ್ಸು, ಹುಟ್ಟುವ ಕೂಸು ಅಜ್ಜಿಯ ಒಲೆಗೆ ಸೇರುತ್ತದೆ. ಆದರೆ ಸತ್ತ ಕೆಂಡವನ್ನು ಮುಚ್ಚಿಟ್ಟು, ಕದ್ದ ಬೆಂಕಿಯನ್ನು ತನ್ನದೆಂದು ಸೇರಿಸಿಬಿಟ್ಟರೆ ಆ ಕೂಸಿಗೆ ಯಾವ ಒಲೆಯೂ ಇಲ್ಲ. ಹೊಗೆಕೂಸು ಎನ್ನುತ್ತಾರೆ. ಯಾವ ಮನೆಯವರೂ ಅದಕ್ಕೆ ಸಂಬಂಧ ಬೆಳೆಸುವುದಿಲ್ಲ, ಕೊನೆಗಾಲದಲ್ಲಿ ಅದರ ಬಾಯಿಗೆ ನೀರು ಬಿಡುವವರೂ ಇರುವುದಿಲ್ಲ. ನನ್ನ ಮಗಳಿಗೆ ಆಗ ದಿನ ತುಂಬುತ್ತಾ ಬಂದಿತ್ತು. ಬೆಂಕಿ ಸೇರಿಸುವ ದಿನವೂ ಹತ್ತಿರದಲ್ಲಿತ್ತು.

ಒಂದು ಬೆಳಿಗ್ಗೆ ನೀರು ಕುಡಿಯಲೆಂದು ಬೇಗ ಎದ್ದೆ. ನೋಡಿದರೆ ಅಳಿಯ ನನ್ನ ನಡುವೊಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾನೆ. ಕೈಯಲ್ಲಿ ಇಕ್ಕಳ, ಪಕ್ಕದಲ್ಲಿ ಅವನ ಕುಡಿಕೆ. ನನ್ನನ್ನು ಕಂಡವನೇ ಇಕ್ಕಳವನ್ನು ಬೆನ್ನ ಹಿಂದೆ ಸರಿಸಿದ.

"ಏನಪ್ಪಾ ಅಲ್ಲಿ?"

"ಏನಿಲ್ಲ ಅತ್ತೆ, ಚಳಿ ಅನ್ನಿಸ್ತು. ಕೈ ಕಾಯಿಸ್ಕೊಳ್ತಿದ್ದೆ."

"ನಿಮ್ಮ ಒಲೇಲಿ ಬಿಸಿ ಇಲ್ವಾ ಅಳಿಯಂದಿರೇ?"

ಅವನು ನಕ್ಕ. ಅದೇ ನಗು. ಮಗಳು ಕೋಣೆಯ ಬಾಗಿಲಲ್ಲಿ ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು, ನಾನು ತಿರುಗಿದ ತಕ್ಷಣ ಅವನ ಮುಖ ನೋಡುವುದನ್ನು ನಿಲ್ಲಿಸಿ ನೆಲ ನೋಡತೊಡಗಿದಳು. ಅಲ್ಲಿಗೆ ನನ್ನ ತಲೆಯೊಳಗೆ ಹುಳ ಹೊಕ್ಕಿತು. ಇವನ ಕೆಂಡ ಎಂದೋ ಸತ್ತಿದೆ, ನನ್ನ ಒಲೆಯಿಂದ ದಿನಾ ಕದ್ದು ತನ್ನ ಒಲೆ ತುಂಬಿಸುತ್ತಿದ್ದಾನೆ, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳೇ ಕಾವಲು ನಿಲ್ಲುತ್ತಿದ್ದಾಳೆ. ಇನ್ನೇನು ಬೇಕು?

ನಾನು ತೊಗಟೆ ಬಡಿಯುವವಳು. ನೆನೆಸಿಟ್ಟ ತೊಗಟೆಯನ್ನು ಬಂಡೆಯ ಮೇಲೆ ಹಾಸಿ ಕೊಡತಿಯಿಂದ ಬಡಿದೂ ಬಡಿದೂ ಬಟ್ಟೆ ಮಾಡುವುದು ನನ್ನ ಕೆಲಸ. ಆ ದಿನ ಬಡಿಯುವ ಚಪ್ಪರದಲ್ಲಿ ನನ್ನ ಕೊಡತಿಯ ಸದ್ದು ಕೇಳಿ ಪಕ್ಕದ ಬಂಡೆಯ ಜೇನಿನವಳು ಕೈ ನಿಲ್ಲಿಸಿದಳು. ಜೇನು ಕೀಳುವ ಕಾಲ ಮುಗಿದರೆ ಅವಳೂ ತೊಗಟೆಗೆ ಬರುತ್ತಾಳೆ, ಬಾಯಿಗೆ ಮಾತ್ರ ಯಾವ ಕಾಲದಲ್ಲೂ ಬಿಡುವಿಲ್ಲ.

"ಯಾರ ಮೇಲಕ್ಕಾ ಸಿಟ್ಟು? ತೊಗಟೆ ತೂತು ಬೀಳ್ತಿದೆ."

ತಡೆಯಲಾಗದೆ ಹೇಳಿಬಿಟ್ಟೆ. ಅವಳು ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ನಾನೂ ನೋಡಿದೀನಿ. ನಸುಕಿನಲ್ಲಿ ನಿನ್ನ ನಡುವೊಲೆ ಹೊಗೆ ಪೂರ್ತಿ ನಿಂತಿರುತ್ತೆ, ನೀನು ಏಳೋಷ್ಟರಲ್ಲಿ ಮತ್ತೆ ಶುರುವಾಗುತ್ತೆ. ಅವನೇ ಏನೋ ಮಾಡ್ತಾನೆ."

ಆ ಮಾತನ್ನು ಸರಿಯಾಗಿ ಯೋಚಿಸಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಸಿಟ್ಟಿನಲ್ಲಿ ಯೋಚನೆ ಮಾಡುವವರು ಯಾರು? ಕೊಡತಿಯನ್ನು ಅಲ್ಲೇ ಬಿಸಾಕಿ ನೇರ ಬೂದಿಯಜ್ಜಿಯ ಮನೆಗೆ ಹೋದೆ.

ಒಲೆಗಳ ಜಗಳ ತೀರಿಸುವುದು ಬೂದಿಯಜ್ಜಿ. ಹಲ್ಲಿಲ್ಲ, ಅವಸರವೂ ಇಲ್ಲ. ನನ್ನ ದೂರನ್ನೆಲ್ಲ ಕೇಳಿ, "ಮುಚ್ಚಿ ನೋಡೋಣ. ದೂರು ಕೊಟ್ಟವಳ ಒಲೆಯೂ ಮುಚ್ಚಬೇಕು, ಗೊತ್ತಲ್ಲ" ಎಂದಳು. ಗೊತ್ತಿಲ್ಲದೆ ಏನು. ಒಲೆಯೊಡೆಯರು ತಮ್ಮ ಕೈಯಾರೆ ಕೆಂಡಕ್ಕೆ ಬೂದಿ ಮುಚ್ಚಬೇಕು, ಹೊತ್ತು ನೆತ್ತಿಗೆ ಬರುವವರೆಗೆ ಯಾರೂ ಮುಟ್ಟಬಾರದು, ಆಮೇಲೆ ತೆಗೆದು ನೋಡಬೇಕು. ತನ್ನ ಬೆಂಕಿಯನ್ನು ತಾನೇ ಸಾಕಿದವನಿಗೆ ಬೂದಿಯ ಹದ ಗೊತ್ತಿರುತ್ತದೆ. ಕದ್ದು ತುಂಬಿಸಿಕೊಂಡವನಿಗೆ ಆ ಹದ ಎಲ್ಲಿಂದ ಬರಬೇಕು?

ಮರುದಿನ ಬೆಳಿಗ್ಗೆ ಬೂದಿಯಜ್ಜಿ ಬಂದು ಎರಡು ಒಲೆಗಳ ನಡುವೆ ಮಣೆ ಹಾಕಿಕೊಂಡು ಕೂತಳು. ಅಳಿಯ ತನ್ನ ಕೆಂಡವನ್ನು ಮುಚ್ಚಿದ. ನಾನೂ ಮುಚ್ಚಿದೆ, ಎಂದಿನಂತೆ ಅಂಗೈಯಿಂದ ಬೂದಿಯನ್ನು ಚೆನ್ನಾಗಿ ಒತ್ತಿ. ನಾನು ಒತ್ತುವಾಗ ಅಳಿಯ ಏನೋ ಹೇಳಲು ಬಾಯಿ ತೆರೆದ. ಮಗಳು ಅವನ ತೋಳು ಹಿಡಿದಳು. ಕಳ್ಳರ ಕಣ್ಸನ್ನೆ ಎಂದುಕೊಂಡೆ, ಹಲ್ಲು ಕಡಿದುಕೊಂಡು ಗೋಡೆಗೊರಗಿದೆ.

ಬೂದಿಯಜ್ಜಿ ತೂಕಡಿಸಿದಳು. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅಳಿಯನ ಕೈಗಳನ್ನೇ ಕಾದೆ. ವಿಚಿತ್ರವೆಂದರೆ ಅವನು ತನ್ನ ಒಲೆಯ ಕಡೆ ಒಂದು ಸಲವೂ ನೋಡಲಿಲ್ಲ. ನನ್ನ ಒಲೆಯನ್ನೇ ನೋಡುತ್ತಿದ್ದ, ಮೈ ಬೆವರುತ್ತಿತ್ತು. ಬಿಸಿಲು ಕಿಟಕಿ ದಾಟಿ ನೆಲದ ನಡುವಿಗೆ ಬರುವಷ್ಟರಲ್ಲಿ ಎದ್ದು ನಿಂತ.

"ಅಜ್ಜೀ, ತೆಗೆಯೋದು ಬೇಡ. ನನ್ನ ಕೆಂಡ ಸತ್ತಿತ್ತು. ಅತ್ತೆ ಹೇಳಿದ್ದು ನಿಜ. ನಾನು ಹೋಗ್ತೀನಿ."

ಮಗಳು ಬಂದು ಅವನ ದಾರಿಗೆ ಅಡ್ಡ ನಿಂತಳು. "ನೀವು ಸುಮ್ನಿರಿ. ಏನ್ ಹೇಳ್ತಿದ್ದೀರಿ ನೀವು? ಕೂಸಿನ ಗತಿ?" ಎಂದು ಅವನ ಮೇಲೆ ರೇಗಿದಳು.

"ಕೂಸಿಗೆ ಅತ್ತೆಯ ಒಲೆ ಇದೆಯಲ್ಲ" ಎಂದ ಅವನು, ಅವಳ ಮುಖ ನೋಡದೆ. "ಅತ್ತೆಯ ಒಲೆ ಮಾತ್ರ ತೆಗೆಯೋದು ಬೇಡ ಅಜ್ಜಿ. ನಾನೇ ಒಪ್ಕೊಂಡೆನಲ್ಲ."

ನಾನು ಗೆದ್ದಿದ್ದೆ. ಎದ್ದು ಕುಣಿಯಬೇಕಿತ್ತು. ಆದರೆ ನನ್ನ ಬುದ್ಧಿ ನೋಡಿ, ಯಾರಾದರೂ ಹೌದೆಂದರೂ ಅನುಮಾನ, ಅಲ್ಲವೆಂದರೂ ಅನುಮಾನ. ತಪ್ಪೊಪ್ಪಿಕೊಂಡು ಹೊರಟವನಿಗೆ ನನ್ನ ಒಲೆಯ ಚಿಂತೆ ಏಕೆ? ನನ್ನ ಒಲೆಯಲ್ಲಿ ಏನು ಬಚ್ಚಿಟ್ಟಿದ್ದಾನೆ?

ಬೂದಿಯಜ್ಜಿ ಇನ್ನೂ ಅವನನ್ನೇ ದಿಟ್ಟಿಸುತ್ತಿದ್ದಳು. ನಾನು ನನ್ನ ಒಲೆಗೆ ಕೈ ಹಾಕಿದೆ. ಕೈಗೆ ಏನೂ ತಿಳಿಯಲಿಲ್ಲ. ಬೂದಿ ಬಿಸಿಯೋ ತಣ್ಣಗೋ ಎಂದು ನನ್ನ ಅಂಗೈ ಹೇಳಲಿಲ್ಲ. ಇನ್ನೂ ಆಳಕ್ಕೆ ಹಾಕಿದೆ. ಕೆಂಡದ ಮೇಲೆ ಕೈಯಿಟ್ಟಿದ್ದರೆ ಚರ್ಮ ಸುಟ್ಟ ವಾಸನೆಯಾದರೂ ಬರಬೇಕಿತ್ತು. ಬೂದಿ ಸರಿಸಿದೆ. ಕಪ್ಪು ಇದ್ದಿಲು. ಅದರಡಿಯಲ್ಲೂ ಕಪ್ಪು.

ಇಷ್ಟು ವರ್ಷ ಕೊಡತಿ ಹಿಡಿದ ಅಂಗೈ ಯಾವಾಗ ಜಡ್ಡುಗಟ್ಟಿ ಸತ್ತಿತ್ತೋ ನನಗೇ ಗೊತ್ತಾಗಿರಲಿಲ್ಲ. ಅಂಗೈಗೆ ಬಿಸಿಯೇ ತಿಳಿಯುತ್ತಿಲ್ಲವೆಂದು ಅರಿಯದೆ, ಹದ ಸಿಗುವವರೆಗೂ ಎಂದು, ಪ್ರತಿ ರಾತ್ರಿ ಒತ್ತಿ ಒತ್ತಿ ನನ್ನ ಅಮ್ಮನ ಬೆಂಕಿಯ ಉಸಿರು ಕಟ್ಟಿಸಿದ್ದೆ. ಬೆಳಿಗ್ಗೆ ಎದ್ದರೆ ಒಲೆ ಉರಿಯುತ್ತಿತ್ತು, ನಾನು ಜಂಬ ಪಡುತ್ತಿದ್ದೆ. ಇಕ್ಕಳ ಹಿಡಿದು ಕೂತಿದ್ದವನು ತೆಗೆಯುತ್ತಿರಲಿಲ್ಲ. ಇಡುತ್ತಿದ್ದ.

ಯಾರೂ ನೋಡಿರಲಿಲ್ಲ. ಬೂದಿಯನ್ನು ಮತ್ತೆ ಎಳೆದು ಮುಚ್ಚಿದ್ದರೆ ಆಗಿಹೋಗುತ್ತಿತ್ತು. ಸುಳ್ಳೇಕೆ ಹೇಳಲಿ, ಕೈ ಆ ಕಡೆ ಹೋಯಿತು. ಅಷ್ಟರಲ್ಲಿ ಅಳಿಯ ಕುಡಿಕೆ ಎತ್ತಿಕೊಂಡು ಹೊಸ್ತಿಲು ದಾಟಿದ. ಅವನು ಹೋದರೆ ಈ ಮನೆಯಲ್ಲಿ ಉಳಿಯುವುದು ಸತ್ತ ಒಲೆ. ಹುಟ್ಟುವ ಕೂಸನ್ನು ನಾನು ಯಾವ ಬೆಂಕಿಯ ಮುಂದೆ ಹಿಡಿಯಲಿ? ಹೊಗೆಕೂಸು ಮಾಡುವವಳು ನಾನೇ ಆಗುತ್ತಿದ್ದೆ.

"ನಿಲ್ಲಪ್ಪಾ" ಎಂದೆ. "ಅಜ್ಜೀ, ಇಲ್ಲಿ ನೋಡು. ಸತ್ತಿರೋದು ನಂದು."

ಬೂದಿಯಜ್ಜಿ ಬಗ್ಗಿ ನೋಡಿದಳು. ಆಮೇಲೆ ಬಾಗಿಲೊಲೆಯ ಬೂದಿ ಸರಿಸಿದಳು. ಕೆಂಡ ಕೆಂಪಗೆ ಕಣ್ಣು ಬಿಟ್ಟಿತು.

"ಎಷ್ಟು ದಿನದಿಂದ?" ಎಂದು ಕೇಳಿದಳು. ಅಳಿಯ ಕುಡಿಕೆ ಹಿಡಿದುಕೊಂಡೇ ಹೊಸ್ತಿಲೊಳಗೆ ಬಂದ.

"ಮಳೆ ನಿಂತಾಗಿನಿಂದ" ಎಂದಳು ಮಗಳು. "ಮೊದಲು ನೋಡಿದ್ದು ನಾನೇ. ಅಮ್ಮನಿಗೆ ಹೇಳೋ ಧೈರ್ಯ ಬರ್ಲಿಲ್ಲ. ಬಾಗಿಲ ಹತ್ರ ಕೂತು ಊಟ ಮಾಡೋಳಲ್ಲ ಅವಳು, ಊಟಾನೇ ಬಿಟ್ಟುಬಿಡ್ತಾಳೆ."

ನನಗೆ ನಾಚಿಕೆಗಿಂತ ಮೊದಲು ಸಿಟ್ಟು ಬಂತು. ಇವರಿಬ್ಬರೂ ಸೇರಿ ನನ್ನನ್ನು ಪಾಪ ಎಂದು ನೋಡಿಕೊಂಡಿದ್ದರಲ್ಲ ಎಂದು. ನಾಚಿಕೆ ಆಮೇಲೆ ಬಂತು. ಬಂದದ್ದು ಇನ್ನೂ ಹೋಗಿಲ್ಲ.

"ಕೂಸಿಗೆ ಒಲೆ ಇದೆ. ಮನೆ ಅಳಿಯನದು" ಎಂದು ಹೇಳಿ ಬೂದಿಯಜ್ಜಿ ಮಣೆ ಎತ್ತಿಕೊಂಡು ಹೊರಟಳು. ಅಳಿಯ ತನ್ನ ಕೆಂಡವನ್ನು ನಡುವೊಲೆಗೆ ತಂದಿಟ್ಟ. ನಾನು ನನ್ನ ಚಾಪೆಯನ್ನು ಬಾಗಿಲ ಪಕ್ಕಕ್ಕೆ ಎಳೆದುಕೊಂಡೆ. ಬೇಡ ಎಂದು ಅವನು ಮೂರ್ನಾಲ್ಕು ಸಲ ಹೇಳಿದ. ಬೈದೆ, ಸುಮ್ಮನಾದ. ಬೀದಿಯಲ್ಲಿ ಹೋಗುವ ಜೇನಿನವಳು ಇಣುಕಿದಾಗ ಮುಖ ತಿರುಗಿಸಲಿಲ್ಲ, ಅಷ್ಟೇ ನನ್ನ ಕೈಲಾದದ್ದು.

ಹೆಣ್ಣು ಕೂಸು ಹುಟ್ಟಿತು. ಹುಟ್ಟಿದ ಕೂಸಿನ ಅಂಗಾಲನ್ನು ನಡುವೊಲೆಯ ಶಾಖಕ್ಕೆ ಹಿಡಿದು ಬೆಂಕಿಗೆ ತೋರಿಸುವುದು ಮನೆಯೊಡೆಯರ ಕೆಲಸ. ಅಳಿಯ ಕೂಸನ್ನು ತಂದು ನನ್ನ ಮಡಿಲಲ್ಲಿಟ್ಟ.

"ನೀವೇ ಹಿಡೀರಿ ಅತ್ತೆ."

ನಾನು ಕೂಸನ್ನು ಒಲೆಯ ಹತ್ತಿರ ಒಯ್ದೆ, ಅರ್ಧಕ್ಕೆ ನಿಂತೆ. ಇನ್ನೆಷ್ಟು ಮುಂದೆ ಹೋಗಬೇಕೆಂದು ನನ್ನ ಕೈಗೆ ತಿಳಿಯಲಿಲ್ಲ.

"ನಿನ್ನ ಕೈ ಇಲ್ಲಿಡಪ್ಪ" ಎಂದೆ. "ಬಿಸಿ ಜಾಸ್ತಿಯಾದ್ರೆ ಹೇಳು. ನನಗೆ ಗೊತ್ತಾಗಲ್ಲ."

ಅವನು ಕೂಸಿನ ಅಂಗಾಲಿನ ಕೆಳಗೆ ಕೈಯಿಟ್ಟ. "ಇನ್ನೊಂಚೂರು ಮುಂದೆ ಬನ್ನಿ ಅತ್ತೆ" ಎಂದ. ನಾನು ಮುಂದೆ ಹೋದೆ.