ಮೂರನೇ ಸಲದ ರಿವರ್ಸ್

ಎಡಗನ್ನಡಿಯ ಕೆಳಮೂಲೆಯಲ್ಲಿ ಹಕ್ಕಿ ಹಿಕ್ಕೆ, ಒಣಗಿ ಬೆಳ್ಳಗೆ ಅಂಟಿಕೊಂಡಿದೆ, ಸರಿಯಾಗಿ ಹಿಂದಿನ ಕಂಬ ಕಾಣಬೇಕಾದ ಜಾಗದಲ್ಲೇ, ಲಾರಿ ಹತ್ತುವ ಮೊದಲು ಆರೂ ಟೈರು ಒದ್ದು ನೋಡಿದಳು, ಬ್ರೇಕ್ ಲೈಟು ನೋಡಿದಳು, ಕನ್ನಡಿ ಒರೆಸುವುದೊಂದು ಮರೆತಳು, ಈಗ ಒರೆಸುವಂತಿಲ್ಲ, ಈಗ ಬಾಗಿಲು ತೆಗೆದರೆ ಫೇಲು, ತಲೆ ಹೊರಗೆ ಹಾಕಿದರೆ ಫೇಲು, ಪಕ್ಕದ ಸೀಟಿನಲ್ಲಿ ಲೈಸೆನ್ಸ್ ಪರೀಕ್ಷೆಗೆ ಕೂತ ಇನ್‌ಸ್ಪೆಕ್ಟರು ಪೆನ್ನಿನ ಮುಚ್ಚಳ ತೆಗೆದಾಯಿತು. ಸಾಲಿನಲ್ಲಿ ನಿಂತವರು ಅವರಿಗೆ ಪ್ಯಾಡ್ ಸಾಹೇಬ್ರು ಎಂದು ಹೆಸರಿಟ್ಟಿದ್ದಾರೆ, ರಸ್ತೆ ನೋಡುವುದಿಲ್ಲ, ಪ್ಯಾಡಿಗೆ ಸಿಕ್ಕಿಸಿದ ಹಾಳೆ ಮಾತ್ರ ನೋಡುತ್ತಾರೆ. ಮೂರನೇ ಸಲ ಅಲ್ವೇನಮ್ಮ ನಿಂದು. ಹೌದು ಸಾರ್. ಇವತ್ತೂ ಹೋದ್ರೆ ಏನು ಅಂತ ಗೊತ್ತಲ್ಲ. ಗೊತ್ತು ಸಾರ್ — ಗೊತ್ತಿಲ್ಲದೆ ಏನು, ಮೂರು ಸಲ ಫೇಲಾದರೆ ಎರಡು ತಿಂಗಳು ಈ ಗೇಟಿನೊಳಗೆ ಕಾಲಿಡುವಂತಿಲ್ಲ, ಅಷ್ಟರಲ್ಲಿ ಡ್ರೈವಿಂಗ್ ಸ್ಕೂಲಿನ ಸರ್ಟಿಫಿಕೇಟ್ ಸತ್ತಿರುತ್ತದೆ, ಮತ್ತೆ ಮೂವತ್ತು ದಿನ ತರಬೇತಿ, ಮತ್ತೆ ಕಣ್ಣು ಕಿವಿ ರಕ್ತದ ತಪಾಸಣೆ, ಅಷ್ಟರಲ್ಲಿ ಈ ಶನಿವಾರ ಎಂದೋ ಕಳೆದುಹೋಗಿ ಗಂಡ ಓಡಿಸುತ್ತಿದ್ದ ಲಾರಿ ಬೇರೆಯವರ ಪಾಲಾಗಿರುತ್ತದೆ. ಶನಿವಾರದವರೆಗೆ ನೋಡ್ತೀನಿ ಕಣಮ್ಮ, ಅಂದಿದ್ದ ಟ್ರಾನ್ಸ್‌ಪೋರ್ಟ್ ಆಫೀಸಿನ ಮ್ಯಾನೇಜರು, ಆಮೇಲೆ ಮಾರಿಬಿಡ್ತೀನಿ, ಡ್ರೈವರೇ ಸಿಗಲ್ಲ ಅಂದ್ಮೇಲೆ ಇಟ್ಕೊಂಡು ಮುದ್ದು ಮಾಡ್ಲಾ. ಕ್ಲಚ್ಚು. ಮೊದಲು ಕ್ಲಚ್ಚು. ಮೆಲ್ಲಗೆ ತುಳಿ, ಅವಸರಪಟ್ಟರೆ ಪೆಡಲಿಗೆ ಗೊತ್ತಾಗುತ್ತದೆ.

ಡ್ರೈವರ್ ಸಿಗಲ್ಲವಂತೆ, ಟೀವಿಯಲ್ಲೂ ಅದೇ, ಕೋಟು ಹಾಕಿದವನೊಬ್ಬ ಕೂತು ದೇಶದಲ್ಲಿ ಚಾಲಕರ ಕೊರತೆ ಎಂದು ಕೈ ತಿರುಗಿಸಿದ, ಮ್ಯಾನೇಜರಿನ ಆಫೀಸಿನ ಗೋಡೆಯ ಮೇಲೂ ಚಾಲಕರು ಬೇಕಾಗಿದ್ದಾರೆ ಎಂಬ ಬೋರ್ಡು, ಬಿಸಿಲಿಗೆ ಬಿಳಿಚಿ ಚಾಲಕರು ಅಳಿಸಿಹೋಗಿ ಬೇಕಾಗಿದ್ದಾರೆ ಮಾತ್ರ ಉಳಿದಿದೆ, ಇಲ್ಲಿ ನೋಡಿದರೆ ಬೆಳಿಗ್ಗೆ ಎಂಟಕ್ಕೇ ನಲವತ್ತಮೂರು ಜನ, ಅವಳೇ ಎಣಿಸಿದ್ದು, ಪರೀಕ್ಷೆ ಮಾಡುವವರು ಒಬ್ಬರೇ, ಇನ್ನೆರಡು ಕುರ್ಚಿ ಖಾಲಿ, ಹಾಗಾದರೆ ಕೊರತೆ ಯಾರದ್ದು. ಮುಂದೆ ನಿಂತಿದ್ದ ಮೀಸೆಯವನು ಇಪ್ಪತ್ತಾರು ವರ್ಷ ಲಾರಿ ಓಡಿಸಿದ್ದಾನಂತೆ, ಕಾಲು ಮುರಿದು ಮಲಗಿದ್ದಾಗ ನವೀಕರಣದ ತಾರೀಖು ದಾಟಿಹೋಗಿ ಈಗ ಹೊಸಬನ ಹಾಗೆ ಎಲ್ಲ ಮೊದಲಿನಿಂದ, ನೋಡಕ್ಕಾ, ಈ ಸಾಹೇಬ್ರು ಹಾಲು ಕುಡೀವಾಗ ನಾನು ಘಾಟಿ ಇಳಿಸ್ತಿದ್ದೆ, ಈಗ ನಂಗೇ ಎಲ್ ಬೋರ್ಡು. ಸಾಲಿಗೆ ಸಾಲೇ ನಕ್ಕಿತು. ಇವನಂಥವರು ಎಷ್ಟು ಜನ, ಗಂಡನ ಜೊತೆಗಿದ್ದವರಲ್ಲಿ ಒಬ್ಬ ಈಗ ಬ್ಯಾಂಕಿನ ಬಾಗಿಲಲ್ಲಿ ಸ್ಟೂಲ್ ಹಾಕಿ ಕೂರುತ್ತಾನೆ, ಒಬ್ಬ ಮೊಟ್ಟೆ ಮಾರುತ್ತಾನೆ, ಇಬ್ಬರಿಗೂ ಲೈಸೆನ್ಸ್ ಇದೆ, ಹದಿನೆಂಟು ದಿನ ಸೀಟಿನಲ್ಲೇ ಮಲಗಿ ಮನೆಗೆ ಬಂದರೆ ಗುರುತು ಸಿಗದೆ ಮನೆ ನಾಯಿಯೇ ಬೊಗಳುತ್ತೆ ಅಂತ ಬಿಟ್ಟರು, ಕೊರತೆ ಡ್ರೈವರುಗಳದ್ದಲ್ಲ, ಇದನ್ನು ಟೀವಿಯವನಿಗೆ ಹೇಳುವವರು ಯಾರು — ಏನಮ್ಮ, ಧ್ಯಾನ ಮಾಡ್ತಿದೀಯಾ, ಗಾಡಿ ತೆಗಿ. ತೆಗೆದೆ ಸಾರ್.

ಮುಂದಕ್ಕೆ ಹೋಗುವುದೇನು ಮಹಾ, ಗೇರು ಬೀಳುತ್ತದೆ, ಎಸ್ ಆಕಾರದ ದಾರಿ ಬೆಣ್ಣೆಯ ಹಾಗೆ ದಾಟುತ್ತದೆ, ಏರಿನಲ್ಲಿ ನಿಲ್ಲಿಸಿ ಎತ್ತಿದಾಗಲೂ ಒಂದಿಂಚು ಹಿಂದೆ ಜಾರಲಿಲ್ಲ, ಹಾಳೆಯ ಮೇಲೆ ಪೆನ್ನು ಸರ್ರೆಂದಿತು, ಸರಿ ಗುರುತೋ ತಪ್ಪು ಗುರುತೋ, ನೋಡಬೇಡ. ಉಳಿದದ್ದು ರಿವರ್ಸ್. ಎರಡು ಸಲವೂ ಅವಳನ್ನು ಕೆಡವಿದ್ದು ರಿವರ್ಸೇ. ಮೊದಲ ಸಲ ಹಿಂದೆ ತೆಗೆಯುವ ಮುಂಚೆ ಇಳಿದು ಹಿಂದೆ ಹೋಗಿ ನೋಡಿ ಬಂದಳು, ಒಂಬತ್ತು ವರ್ಷದ ಅಭ್ಯಾಸ, ಗಂಡನ ಲಾರಿಯಲ್ಲಿ ಕ್ಲೀನರ್ ಅಂತ ಬೇರೆ ಯಾರೂ ಇರಲಿಲ್ಲ, ಅವಳೇ, ಅವನು ರಿವರ್ಸ್ ಹಾಕಿದನೆಂದರೆ ಇವಳು ಧುಮುಕಿ ಹಿಂದೆ ಓಡಿ ಡಾಲಾದ, ಅಂದರೆ ಹಿಂಬಾಗಿಲ ತಗಡಿನ, ಮೇಲೆ ಅಂಗೈ ಬಡಿಯಬೇಕು, ಟಪ ಟಪ ಎಂದರೆ ಬಾ, ದಡ್ ಎಂದು ಒಂದೇ ಪೆಟ್ಟು ಕೊಟ್ಟರೆ ಅಲ್ಲೇ ನಿಲ್ಲು. ಬಾಗಿಲು ತೆಗೆದೆ, ಫೇಲು, ಅಂದರು ಪ್ಯಾಡ್ ಸಾಹೇಬ್ರು, ಹಿಂದೆ ಮಗು ಇದ್ರೆ ಸಾರ್, ಅಂದಳು, ಮಗು ಇಲ್ವಲ್ಲಮ್ಮ, ಅಂದರು. ಎರಡನೇ ಸಲ ಇಳಿಯಲಿಲ್ಲ, ಕನ್ನಡಿಯಲ್ಲೇ ಕಂಬ ಹಿಡಿದು ಅರ್ಧ ದಾರಿ ಬಂದಳು, ಆಗ ಕಾಂಪೌಂಡಿನಾಚೆ ಟೈರ್ ಅಂಗಡಿಯವನು ರಿಮ್ಮಿನ ಮೇಲೆ ಸುತ್ತಿಗೆ ಇಳಿಸಿದ, ದಡ್, ಅವಳ ಕಾಲು ಅವಳನ್ನು ಕೇಳಲೇ ಇಲ್ಲ, ಬ್ರೇಕ್ ತುಳಿದುಬಿಟ್ಟಿತು, ಸಾಹೇಬರ ತಲೆ ಡ್ಯಾಶ್‌ಬೋರ್ಡಿಗೆ, ಗಾಡಿ ಆಫು. ಅದನ್ನು ಯಾರಿಗೆ ಹೇಳುವುದು, ಸಾರ್, ಸುತ್ತಿಗೆ ನನಗೆ ನಿಲ್ಲು ಅಂತು ಅಂತ ಹೇಳುವುದೇ. ಅದಕ್ಕೇ ಇವತ್ತು ಬಂದವಳು ಮೊದಲು ನೋಡಿದ್ದು ಟೈರ್ ಅಂಗಡಿ, ಷಟರ್ ಎಳೆದಿದೆ, ಬೀಗ ಬಿದ್ದಿದೆ, ಅವನಿಗೆ ಒಳ್ಳೆಯದಾಗಲಿ.

ಮತ್ತೆ ಅಂಗೈ. ಯಾವುದನ್ನು ಯೋಚಿಸಿದರೂ ಕನ್ನಡಿಯಲ್ಲಿ ಎತ್ತಿದ ಆ ಅಂಗೈ ಬರುತ್ತದೆ, ಈ ಸಲ ಅವಳದ್ದಲ್ಲ, ಗಂಡನದ್ದು — ಹೋದ ತಿಂಗಳು ಸಂತೆ ಮೈದಾನದಲ್ಲಿ ಡ್ರೈವಿಂಗ್ ಸ್ಕೂಲಿನ ಲಾರಿ ಬಾಡಿಗೆಗೆ ತಂದು ಕಲಿಸ್ತೀನಿ ಬಾ ಅಂದ, ನೀನು ನನಗೆ ಬಡಿದೆ, ಈಗ ನಾನು ನಿನಗೆ ಬಡೀತೀನಿ, ಲೆಕ್ಕ ಚುಕ್ತಾ, ನಗುತ್ತಲೇ ಹಿಂದೆ ಹೋಗಿ ನಿಂತ, ಟಪ ಟಪ, ಬಾ ಬಾ, ಟಪ ಟಪ, ಬಾರೇ ಇನ್ನೂ ಜಾಗ ಇದೆ, ಅವಳು ಬಂದಳು, ನೀರಿನ ಟ್ಯಾಂಕಿನ ಗೋಡೆಗೆ ಲಾರಿಯ ಹಿಂಭಾಗ ಹೋಗಿ ಕೂತಿತು. ಕನ್ನಡಿಯಲ್ಲಿ ಅವನು ಕಂಡ, ಅಂಗೈ ಎತ್ತಿಕೊಂಡೇ ನಿಂತಿದ್ದಾನೆ, ಬಡಿಯಲೋ ಬೇಡವೋ ಎಂದು, ಇನ್ನೊಂದು ಕೈಯಲ್ಲಿ ಗೋಡೆಯನ್ನು ತಡವಿ ನೋಡುತ್ತಿದ್ದಾನೆ, ಕತ್ತಲಲ್ಲಿ ಸ್ವಿಚ್ಚು ಹುಡುಕುವವರ ಹಾಗೆ, ನಡು ಮಧ್ಯಾಹ್ನದ ಬಿಸಿಲಿನಲ್ಲಿ. ಜಾಗ ಇತ್ತಲ್ಲೇ. ಇತ್ತು ರೀ, ನಾನೇ ಜೋರಾಗಿ ಬಿಟ್ಟೆ.

ಆ ಕಣ್ಣಿನ ಸಂಗತಿ ಅವಳಿಗೆ ಹೊಸದೇನಲ್ಲ, ಅವನ ಕಣ್ಣಿಗೆ ಐದಾರು ವರ್ಷ ಕಣ್ಣಾಗಿದ್ದವಳು ಅವಳೇ, ಪಕ್ಕದಲ್ಲಿ ಕೂತು ಕೆಂಪು ಬಿತ್ತು ರೀ, ಎಡಕ್ಕೆ ಸೈಕಲ್ ರೀ, ಹಂಪು ರೀ, ಹಿಂದಿನ ಸಲ ಲೈಸೆನ್ಸ್ ನವೀಕರಣಕ್ಕೆ ಹೋದಾಗ ಕಣ್ಣಿನ ಡಾಕ್ಟರ ಗೋಡೆಯ ಅಕ್ಷರಗಳನ್ನು ಮುಂಚೆಯೇ ಹೋಗಿ ಬರೆದುಕೊಂಡು ಬಂದು ಬಾಯಿಪಾಠ ಮಾಡಿಸಿದವಳೂ ಅವಳೇ, ಮಗ್ಗಿಯ ಹಾಗೆ ಐದನೇ ಸಾಲಿನವರೆಗೆ. ಒಂದು ಸಂಜೆ ರಸ್ತೆಯಂಚಿನಲ್ಲಿ ಕೂತು ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದ ಮನುಷ್ಯನನ್ನು ಅವನು ಮೈಲಿಗಲ್ಲು ಎಂದುಕೊಂಡ, ಅವಳು ಸ್ಟೇರಿಂಗ್ ಎಳೆದಳು, ಮೈಲಿಗಲ್ಲು ಎದ್ದು ಓಡಿತು. ಏನೇ ಅದು, ಅಂದ. ನಾಯಿ, ಅಂದಳು. ಆ ವಾರವೇ ಹೋಗಿ ಕಾರಿನ ಲೈಸೆನ್ಸಿಗೆ ಅರ್ಜಿ ಹಾಕಿದಳು, ಅದು ಸಿಕ್ಕಿ ವರ್ಷ ತುಂಬದೆ ದೊಡ್ಡ ಗಾಡಿಯದ್ದು ಕೊಡುವುದಿಲ್ಲ ಎಂದು ಗೊತ್ತಿತ್ತು, ಕಾರೇ ಇಲ್ಲದ ಮನೆಗೆ ಕಾರಿನ ಲೈಸೆನ್ಸಾ ಅಂತ ಅವನು ಹೊಟ್ಟೆ ಹಿಡಿದು ನಕ್ಕ. ಆ ವರ್ಷವೆಲ್ಲ ಅವನನ್ನು ಹಗಲಿನ ಟ್ರಿಪ್ಪುಗಳಿಗೆ ಮಾತ್ರ ಒಪ್ಪಿಸಿ, ಒಂದು ದಿನವೂ ಒಬ್ಬನನ್ನೇ ಬಿಡದೆ, ವರ್ಷ ತುಂಬಿದ ಮೇಲೆ ಅವನ ನವೀಕರಣ ಬಂದಾಗ ಮೂರನೇ ಸಾಲನ್ನು ತಿರುಚಿ ಹೇಳಿಕೊಟ್ಟಳು. ಬೇಕೆಂದೇ. ಎರಡು ಅಕ್ಷರ ಆಚೀಚೆ. ಅವನು ಡಾಕ್ಟರ ಮುಂದೆ ಎದೆ ಸೆಟೆಸಿ ನಿಂತು ತಪ್ಪು ಸಾಲನ್ನು ಗಟ್ಟಿಯಾಗಿ ಹೇಳಿದ್ದು ಬಾಗಿಲಾಚೆ ಕೂತ ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಚಾರ್ಟು ಬದಲಾಯಿಸಿದಾರೆ ಕಣೇ, ಮೋಸ, ಹದಿನಾಲ್ಕು ವರ್ಷ ಓಡಿಸಿದವನಿಗೆ ಮೋಸ. ಹೌದು ರೀ. ಅವನ ಲೈಸೆನ್ಸ್ ನಿಂತು ಎಂಟು ತಿಂಗಳಾಯಿತು, ಅವನು ಓಡಿಸುತ್ತಿದ್ದ ಲಾರಿ ಮ್ಯಾನೇಜರಿನ ಅಂಗಳದಲ್ಲಿ ನಿಂತಿದೆ, ಮುಂದಿನ ಟೈರು ಕೂತಿದೆ, ಚಾಸಿಯೊಳಗಿಂದ ಹುಲ್ಲು ಎದ್ದಿದೆ. ಲೇಡಿ ಡ್ರೈವರಾ, ರಸ್ತೆಯಲ್ಲಿ ಕಕ್ಕಸಿಗೆ ಎಲ್ಲಿ ಹೋಗ್ತೀಯಮ್ಮ, ಅಂದ ಮ್ಯಾನೇಜರು. ಒಂಬತ್ತು ವರ್ಷ ಎಲ್ಲಿ ಹೋಗ್ತಿದ್ನೋ ಅಲ್ಲಿಗೇ, ಅಂದಳು. ಅವನಿಗೆ ಕೆಮ್ಮು ಬಂತು. ಲೈಸೆನ್ಸ್ ತಂದು ತೋರಿಸು, ಕೀ ಕೊಡ್ತೀನಿ. ಗಂಡನನ್ನು ಆ ಸೀಟಿನಿಂದ ಇಳಿಸಿದವಳು ಅವಳು, ಆ ಸೀಟು ಖಾಲಿ ಬಿದ್ದು ಮಾರಾಟವಾದರೆ ಇಳಿಸಿದ್ದಕ್ಕೆ ಏನರ್ಥ, ಅಷ್ಟೇ, ಇದರಲ್ಲಿ ಅಳುವಂಥದ್ದೇನಿಲ್ಲ, ಅತ್ತರೆ ಕನ್ನಡಿ ಮಸುಕಾಗುತ್ತದೆ.

ಹಿಂದೆ ತಗೋ. ಸರಿ ಸಾರ್. ಗೇರು ಗರ್ ಎಂದು ಕಚ್ಚಿತು. ಬಲಗನ್ನಡಿಯಲ್ಲಿ ಬಿಳಿ ಗೆರೆ, ಇದೆ, ಎಡಗನ್ನಡಿಯಲ್ಲಿ ಕೆಂಪು ಬಿಳಿ ಪಟ್ಟೆಯ ಕಂಬ, ಹಿಕ್ಕೆಯ ಹಿಂದೆ ಅಡಗುತ್ತದೆ, ಕತ್ತು ಎರಡು ಬೆರಳು ಮುಂದೆ ಚಾಚಿದರೆ ಕಾಣುತ್ತದೆ, ಚಾಚು, ಕಂಡಿತು, ಕಂಬಕ್ಕೂ ಟೈರಿಗೂ ನಡುವೆ ಎರಡು ಗೇಣು, ಸಾಕು, ಸ್ಟೇರಿಂಗ್ ಅರ್ಧ ಸುತ್ತು, ನಿಧಾನ, ಕಂಬದ ಹಿಂದೆ ತಗಡಿನ ಬೇಲಿ, ಬೇಲಿಯ ಆಚೆ ನಿಂತವರ ತಲೆಗಳು, ಮೀಸೆಯವನು, ಅವನ ಪಕ್ಕ ಗಂಡ, ಬರಬೇಡಿ ಅಂದಿದ್ದಳು, ಬಂದಿದ್ದಾನೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದಾನೆ, ಕಣ್ಣು ಕಿರಿದು ಮಾಡಿ ಇತ್ತ ನೋಡುತ್ತಿದ್ದಾನೆ, ಅವನಿಗೆ ಏನು ಕಾಣುತ್ತಿದೆಯೋ, ದೊಡ್ಡದೊಂದು ನೆರಳು ಕಂಬದ ಕಡೆ ಬರುತ್ತಿದೆ ಅಂತಲೋ, ಬರಲಿ, ಒಂದೂವರೆ ಗೇಣು, ಸರಿ ಇದೆ, ಇನ್ನು ನೇರ ಮಾಡು —

ದಡ್.

ಷಟರ್ ಎಳೆದಿದೆಯಲ್ಲ. ಸುತ್ತಿಗೆ ಅಲ್ಲ ಇದು, ಕಬ್ಬಿಣದ ಸದ್ದಲ್ಲ, ತಗಡಿನ ಮೇಲೆ ಅಂಗೈ, ಈ ಸದ್ದು ಅವಳಿಗೆ ನಿದ್ದೆಯಲ್ಲೂ ಗೊತ್ತು, ಕಾಲು ಬ್ರೇಕಿನ ಕಡೆ ಎದ್ದಾಗಿದೆ, ಕನ್ನಡಿಯಲ್ಲಿ ಅವನು, ಬೇಲಿಯ ತಗಡಿಗೆ ಬಡಿದು ಬಾಯಿ ತೆರೆದಿದ್ದಾನೆ, ನಿಲ್ಲು ಅನ್ನುತ್ತಿದ್ದಾನೆ, ಹೊಡೀತೀಯ ನಿಲ್ಲು, ಅವನ ಕಣ್ಣು ನಿಲ್ಲು ಅನ್ನುತ್ತಿದೆ, ಕನ್ನಡಿ ಒಂದೂವರೆ ಗೇಣು ಅನ್ನುತ್ತಿದೆ, ಅವನ ಮಾತು ಮೀರಿ ಹಿಂದೆ ಹೋದದ್ದು ಮದುವೆಯಾದಾಗಿನಿಂದ ಒಂದು ಸಲವೂ ಇಲ್ಲ, ಕಾಲು ಗಾಳಿಯಲ್ಲಿದೆ, ಇಳಿ ಕಾಲೇ, ಬ್ರೇಕಿನ ಮೇಲಲ್ಲ, ಕ್ಲಚ್ಚಿನ ಕಾಲು ಹಾಗೇ ಇರಲಿ, ಕಂಬ ನೋಡು, ಕಂಬ, ಒಂದು ಗೇಣು, ಹೋಗು. ಹೋದಳು. ಕಂಬ ಟೈರಿನ ಪಕ್ಕದಲ್ಲೇ ಸರಿದು ಮುಂದೆ ಬಂತು, ಮಿಸುಕಲಿಲ್ಲ, ಹಿಂದಿನ ಗಾಲಿ ನಿಲ್ಲಬೇಕಾದ ಬಿಳಿ ಗೆರೆಯ ಮೇಲೆ ಕೂತಿತು. ಹ್ಯಾಂಡ್‌ಬ್ರೇಕು. ನ್ಯೂಟ್ರಲ್ಲು. ಪ್ಯಾಡ್ ಸಾಹೇಬ್ರು ಮೊದಲ ಸಲ ಹಾಳೆಯಿಂದ ತಲೆ ಎತ್ತಿ ಹಿಂದೆ ನೋಡಿದರು. ಯಾರೋ ಅದು ತಗಡು ಬಡಿದಿದ್ದು, ನನ್ನೆದೆ ಧಸಕ್ ಅಂತು, ನೀನು ಬೆಚ್ಚಲಿಲ್ವೇನಮ್ಮ. ಇಲ್ಲ ಸಾರ್. ಶುಕ್ರವಾರ ಬಂದು ಲೈಸೆನ್ಸ್ ಕಾರ್ಡು ತಗೊಂಡೋಗು. ಶುಕ್ರವಾರ, ಶನಿವಾರಕ್ಕೆ ಒಂದು ದಿನ ಮುಂಚೆ. ಇಳೀಬಹುದು, ಈಗ ಬಾಗಿಲು ತೆಗೀಬಹುದು. ಕೈ ಹಿಡಿಕೆಯ ಮೇಲಿದೆ, ತೆಗೆಯಬೇಕು, ಇಳಿದು ಹೋಗಿ ಹೇಳಬೇಕು, ಮೊದಲು ಪಾಸಾದದ್ದು, ಆಮೇಲೆ ತಾನೇ ತಿರುಚಿದ ಆ ಮೂರನೇ ಸಾಲು, ಎರಡನ್ನೂ, ಇವತ್ತೇ — ಎಡಗನ್ನಡಿಯಲ್ಲಿ, ಹಿಕ್ಕೆಯ ಪಕ್ಕದಲ್ಲಿ, ಲಾರಿ ನಿಂತಿತೋ ಇನ್ನೂ ಬರುತ್ತಿದೆಯೋ ತಿಳಿಯದೆ ತಗಡಿನ ಮೇಲೆ ಎತ್ತಿ ಹಿಡಿದಿರುವ ಅಂಗೈ.