ಕಾಟಾದ ಮುಂದೆ ನಲವತ್ತೇಳು ನಿಮಿಷ

ಗಣಿತ ಕಲಿಸಿ ನನಗೆಂದೂ ದಣಿವಾಗಿಲ್ಲ. ಕಲಿಸಿದ್ದೇನೆಂದು ಫಾರಂ ತುಂಬಿ ತುಂಬಿ ಮಾತ್ರ ಸಾಕುಸಾಕಾಗಿದೆ. ರಾಯಬಾಗದ ನಮ್ಮ ಡಿಗ್ರಿ ಕಾಲೇಜಿನಲ್ಲಿ ಕೊನೆಯ ವರ್ಷದವರ ಪ್ರಾಜೆಕ್ಟ್ ಪ್ರೆಸೆಂಟೇಶನ್ ಬಂತೆಂದರೆ ಅದರ ಬೆನ್ನಿಗೇ ಕೋರ್ಸಿನ ಮೌಲ್ಯಮಾಪನವೂ ಬರುತ್ತದೆ. ವಿದ್ಯಾರ್ಥಿಗಳ ಅಭಿಪ್ರಾಯಕ್ಕೊಂದು ಫಾರಂ, ಶಿಕ್ಷಕರದಕ್ಕೊಂದು, ಪಾಲಕರದಕ್ಕೊಂದು. ಈ ಸಲ ಪಾಲಕರೊಬ್ಬರು ಖುದ್ದಾಗಿ ಕುಳಿತು ಪ್ರೆಸೆಂಟೇಶನ್ ನೋಡಬೇಕೆಂದು ಮೇಲಿನಿಂದ ಹೊಸ ಫರ್ಮಾನು ಬಂದಿತ್ತು. ದುಡಿಯುವ ದಿನ ಕೆಲಸ ಬಿಟ್ಟು ಯಾರು ಬರುತ್ತಾರೆ? ಹನ್ನೆರಡು ಮನೆಗೆ ಫೋನ್ ಮಾಡಿದೆ. ಬಂದವರು ಕುಡಚಿಯ ಯಾಕೂಬಭಾಯಿ ಒಬ್ಬರೇ.

ಅವರು ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತಾರೆ. ಚಳಿಗಾಲವೆಲ್ಲ ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರುವ ಕೆಲಸ. ಸೀಜನ್ ಮುಗಿದಿದ್ದರಿಂದ ಪುರುಸೊತ್ತಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೇಳಿದ್ದಕ್ಕಿಂತ ಒಂದು ತಾಸು ಮೊದಲೇ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಅವರ ಮಗಳು ಮಸರತಳ ಪ್ರಾಜೆಕ್ಟಿಗೆ ನಾನೇ ಗೈಡ್.

ಎಂ.ಎಸ್ಸಿ. ಸೀಟು ಸಿಗಬೇಕಾದರೆ ಅವಳಿಗೆ ಪ್ರಾಜೆಕ್ಟಿನಲ್ಲಿ ಐವತ್ತಕ್ಕೆ ಮೂವತ್ತೆಂಟು ಅಂಕ ಬೇಕಿತ್ತು. ಮೂವತ್ತೇಳು ಬಂದರೂ ಸೀಟು ಹೋದಂತೆಯೇ. ನಾವಿಬ್ಬರೂ ಕೂಡಿ ಮೂರು ಸಲ ಲೆಕ್ಕ ಹಾಕಿ ನೋಡಿದ್ದೆವು.

ಅವಳ ವಿಷಯ ಪಾಳಿಯ ಗಣಿತ. ಕಾರ್ಖಾನೆಯಲ್ಲಿ ಕಬ್ಬು ತೂಗುವ ಕಾಟಾದ ಮುಂದೆ ಟ್ರ್ಯಾಕ್ಟರುಗಳು ಎಷ್ಟು ಹೊತ್ತು ಪಾಳಿ ನಿಲ್ಲುತ್ತವೆ ಎಂಬುದು. ಜನವರಿಯಲ್ಲಿ ಇಪ್ಪತ್ತು ದಿನ, ಅಪ್ಪ ಮತ್ತು ಅವರ ಜೊತೆಗಾರರು ತಂದುಕೊಟ್ಟ ಚೀಟಿಗಳಿಂದ ಬಂದ ಹೊತ್ತು, ತೂಕವಾದ ಹೊತ್ತು ಎರಡನ್ನೂ ನೋಟ್‌ಬುಕ್ಕಿಗೆ ಇಳಿಸಿದ್ದಳು. ಆಮೇಲೊಂದು ದಿನ ಸ್ಟಾಫ್ ರೂಮಿಗೆ ಬಂದಳು.

"ಸರ್, ಸೂತ್ರ ಹಾಕಿದ್ರ ನಲವತ್ತೇಳು ಮಿನಿಟ ಬರತೈತ್ರಿ. ನನ್ನ ನೋಟ್‌ಬುಕ್ಕಿನ್ಯಾಗ ತಾಸಗಟ್ಲೆ ಐತಿ."

ನಾನು ಯಾವುದೋ ಫಾರಂ ತುಂಬುತ್ತಿದ್ದೆ. ತಲೆ ಎತ್ತಲಿಲ್ಲ. "ಎಲ್ಲೋ ಬರಿಯೂದ್ರಾಗ ತಪ್ಪಿರ್ತಿ. ಡೇಟಾ ಸ್ವಲ್ಪ ಹೊಂದಿಸ್ಕೊ" ಎಂದೆ.

ನಮ್ಮಲ್ಲಿ ಇದು ಹೊಸದೇನಲ್ಲ. ಲ್ಯಾಬಿನಲ್ಲಿ ಲೋಲಕ ತನ್ನ ಮನಸ್ಸಿಗೆ ಬಂದಂತೆ ತೂಗಿದರೂ ಜರ್ನಲ್ಲಿನಲ್ಲಿ ಗುರುತ್ವದ ಉತ್ತರ ಒಂಬತ್ತು ಪಾಯಿಂಟ್ ಎಂಟು ಬಂದೇ ಬರುತ್ತದೆ. ನಾನೂ ಹಾಗೇ ಪಾಸಾದವನು. ಅವಳು ನೋಟ್‌ಬುಕ್ ಮುಚ್ಚಿಕೊಂಡು ಹೋದಳು.

ಪ್ರೆಸೆಂಟೇಶನ್ ದಿನ ಬೆಳಗಾವಿಯಿಂದ ಬಂದ ಪರೀಕ್ಷಕರು ಆಬಾಸಾಹೇಬ ಎಂಬವರು. ಮೊದಲು ನಿಲೇಶ ಎಂಬ ಹುಡುಗ ಪರದೆಯ ಮೇಲಿನ ಇಂಗ್ಲಿಷನ್ನು ಸುದ್ದಿ ಓದಿದ ಹಾಗೆ ಓದಿ ಮುಗಿಸಿದ. ಆಮೇಲೆ ಮಸರತ. ಅವಳೂ ಇಂಗ್ಲಿಷನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು, ಎಲ್ಲೂ ತಡವರಿಸಲಿಲ್ಲ. ಆಬಾಸಾಹೇಬರು ಖುಷಿಯಾಗಿ ನನ್ನ ಕಡೆ ತಿರುಗಿದರು.

"ಸೂತ್ರಕ್ಕೂ ಡೇಟಾಕ್ಕೂ ಎಷ್ಟು ಛಲೋ ಹೊಂದೈತಿ ನೋಡ್ರಿ! ಕಾಟಾದ ಮುಂದ ಟ್ರ್ಯಾಕ್ಟರ್ ನಿಲ್ಲೂದು ಸರಾಸರಿ ನಲವತ್ತೇಳು ಮಿನಿಟ."

ಅಲ್ಲಿಯವರೆಗೆ ನಡೆದದ್ದೆಲ್ಲ ಇಂಗ್ಲಿಷಿನಲ್ಲಿ. ಯಾಕೂಬಭಾಯಿಗೆ ತಿಳಿದ ಮೊದಲ ಮಾತು ಇದೇ. ಅವರು ನಕ್ಕೇಬಿಟ್ಟರು.

"ನಲವತ್ತೇಳು ಮಿನಿಟೇನ್ರಿ ಸಾಹೇಬ್ರ? ಯಾವ ಫ್ಯಾಕ್ಟರಿ ಹೇಳ್ರಿ, ಮುಂದಿನ ಸೀಜನ್‌ಗೆ ನಾ ಅಲ್ಲೇ ಹೊಕ್ಕೀನಿ. ನಮ್ಮ ಕಡೆ ಸಂಜಿಗೆ ಹೋದ್ರ ಏಳು ತಾಸು ಗಟ್ಟಿ!"

ಹುಡುಗರೂ ನಕ್ಕರು. ಮಸರತಳ ಮುಖ ಮಾತ್ರ ಬಿಳಿಚಿಕೊಂಡಿತು. ಅದನ್ನು ನೋಡಿ ಯಾಕೂಬಭಾಯಿಯ ನಗು ಅರ್ಧಕ್ಕೇ ನಿಂತಿತು.

"ಏನವಾ, ಇವರು ಹೇಳೂದು?" ಎಂದರು ಆಬಾಸಾಹೇಬರು.

"ಅಬ್ಬಾ ಹೇಳೂದು ಖರೇ ಐತ್ರಿ ಸರ್. ಟೇಬಲ್ಲಿನ ಅಂಕಿ ನಾನ ತಿದ್ದೀನ್ರಿ."

"ತಿದ್ದು ಅಂತ ಯಾರು ಹೇಳಿದ್ರು?"

"ಯಾರೂ ಇಲ್ರಿ. ನಾನ."

ಅವಳು ನನ್ನ ಕಡೆ ನೋಡಲೂ ಇಲ್ಲ. ಆಬಾಸಾಹೇಬರ ಪೆನ್ನು ವರದಿಯ ಕಾಲಮ್ಮಿಗೆ ಹೋಯಿತು. "ಖೊಟ್ಟಿ ಡೇಟಾಕ್ಕ ನಾ ಮಾರ್ಕ್ಸ್ ಹಾಕೂದಿಲ್ಲ" ಎಂದರು. ವರದಿಗೆ ಮೂವತ್ತು ಅಂಕ. ಅದು ಹೋದರೆ ಉಳಿಯುವುದು ಇಪ್ಪತ್ತು. ಅವಳ ಸೀಟು ಅಲ್ಲಿಗೆ ಮುಗಿಯಿತು.

ತಕ್ಷಣ ಎದ್ದು ನಿಂತೆ ಎಂದು ಬರೆಯಲು ಆಸೆಯಿದೆ. ನಿಲ್ಲಲಿಲ್ಲ. ನಾನು ಅತಿಥಿ ಉಪನ್ಯಾಸಕ, ವರ್ಷವರ್ಷವೂ ನನ್ನ ಆರ್ಡರ್ ಹೊಸದಾಗಿ ಬರಬೇಕು. ಒಮ್ಮೆ ಉಗುಳು ನುಂಗುವಷ್ಟು ಹೊತ್ತು ಕುಳಿತೇ ಇದ್ದೆ. ಆ ಹೊತ್ತಿನ ನಾಚಿಕೆ ಈಗಲೂ ನನ್ನನ್ನು ಬಿಟ್ಟಿಲ್ಲ. ಆಮೇಲೆ ಎದ್ದೆ.

"ಸರ್, ಆಕಿ ಖರೇ ಅಂಕಿನ ತಂದಿದ್ಲು. ಹೊಂದಿಸು ಅಂತ ಹೇಳಿದಾಂವ ನಾನು. ಕಡಿಯೂದಿದ್ರ ನನ್ನ ಮಾರ್ಕ್ಸ್ ಕಡೀರಿ."

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಗೈಡ್‌ಗೆ ಮಾರ್ಕ್ಸ್ ಹಾಕೂ ಕಾಲಂ ಇದ್ರಾಗ ಇಲ್ಲಲ್ರಿ, ರಾಜಾರಾಮ" ಎಂದರು. ನಗಲಿಲ್ಲ. ಮಸರತಳ ಕಡೆ ತಿರುಗಿ, "ಖರೇ ಅಂಕಿ ಎಲ್ಲದಾವ?" ಎಂದು ಕೇಳಿದರು.

ಅವಳು ಬ್ಯಾಗಿನಿಂದ ನೋಟ್‌ಬುಕ್ ತೆಗೆದಳು.

"ಹಂಗಾರ ಸೂತ್ರ ಯಾಕ ತಪ್ಪಿತು? ಹೇಳ್ತಿಯೇನು? ಕನ್ನಡದಾಗ ಹೇಳು."

ಅವಳು ಸೀಮೆಸುಣ್ಣ ಕೈಗೆ ತೆಗೆದುಕೊಂಡಳು. "ಟ್ರ್ಯಾಕ್ಟರ್ ಒಂದೊಂದ ತಮ್ಮ ಪಾಡಿಗೆ ತಾವು ಬರ್ತಾವ ಅಂತ ಸೂತ್ರ ತಿಳದೈತ್ರಿ. ಹಂಗ ಬರೂದಿಲ್ರಿ. ಹಗಲೆಲ್ಲಾ ಗ್ಯಾಂಗಿನವ್ರು ಕಬ್ಬು ಕಡದು ಹೇರತಾರ, ಸಂಜಿಗೆ ಎಲ್ಲಾರೂ ಒಮ್ಮೆಲೇ ಬರ್ತಾರ. ಆರರಿಂದ ಹತ್ತರ ತನಕ ಇನ್ನೂರಾ ಇಪ್ಪತ್ತು ಟ್ರ್ಯಾಕ್ಟರ್. ಕಾಟಾ ತಾಸಿಗೆ ಇಪ್ಪತ್ತು ತೂಗತೈತಿ. ಎಂಬತ್ತು ಹೋದ್ವು, ನೂರಾ ನಲವತ್ತು ನಿಂತ್ವು. ಕಟ್ಟಕಡೀಕ ನಿಂತಾಂವಗ ಏಳು ತಾಸು."

ಬೋರ್ಡಿನ ಮೇಲೆ ಏಳು ಬರೆದು ಸುತ್ತು ಹಾಕಿದಳು. ಇದೆಲ್ಲ ಅವಳಿಗೆ ಜನವರಿಯಲ್ಲೇ ಗೊತ್ತಿತ್ತು. ಯಾರೂ ಕೇಳಿರಲಿಲ್ಲ, ಅಷ್ಟೇ. ಮೂರು ವರ್ಷ ಪಾಠ ಹೇಳಿದ ನಾನೂ ಕೇಳಿರಲಿಲ್ಲ.

ಆಬಾಸಾಹೇಬರು ಪೆನ್ನು ಮುಚ್ಚಿ ಪೆನ್ಸಿಲ್ ತೆಗೆದು ನಲವತ್ತೊಂದು ಎಂದು ಬರೆದರು. "ನಾಲ್ಕರೊಳಗ ಖರೇ ಟೇಬಲ್ ಬರದು ತರ್ರಿ, ಪೆನ್ನಿಲೆ ಬರೀತೀನಿ. ತರಲಿಲ್ಲಾಂದ್ರ ಅಳಸ್ತೀನಿ."

ಓದುವವರ ಜೀವ ತಿನ್ನುವುದು ಬೇಡ, ಈಗಲೇ ಹೇಳಿಬಿಡುತ್ತೇನೆ. ನಾಲ್ಕಕ್ಕೆ ಐದು ನಿಮಿಷವಿರುವಾಗ ತಲುಪಿಸಿದೆವು, ನಲವತ್ತೊಂದು ಪೆನ್ನಿನಲ್ಲೇ ಬಿತ್ತು. ನನಗೆ ಹೇಳಬೇಕಾದದ್ದು ಅದಕ್ಕೂ ಮುಂಚಿನ ಸಂಗತಿ.

ವರಾಂಡದಲ್ಲಿ ಯಾಕೂಬಭಾಯಿ ನನ್ನನ್ನು ತಡೆದರು. "ನಾ ನಡುವ ಬಾಯಿ ಹಾಕಿ ಪೋರಿ ಪರೀಕ್ಷಾ ಕೆಡಿಸಿದ್ನೇನ್ರಿ ಸರ್?"

"ಕೆಡಿಸಿದಾಂವ ನಾನ್ರಿ. ನೀವು ಉಳಿಸಿದ್ರಿ."

ಅವರಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಚಹಾ ತರುತ್ತೇನೆಂದು ಹೊರಗೆ ಹೋದರು.

ಖಾಲಿ ಕ್ಲಾಸಿನಲ್ಲಿ ನಾನು ಓದುವುದು, ಅವಳು ಬರೆಯುವುದು ಎಂದಾಯಿತು. ಆ ನೋಟ್‌ಬುಕ್ಕನ್ನು ನಾನು ತೆರೆದದ್ದು ಅದೇ ಮೊದಲು. ಪ್ರತಿ ಸಾಲಿಗೂ ಡ್ರೈವರ್ ಹೆಸರು. ಮಾಳೇಶ, ಇಸ್ರಾರ, ಅಣ್ಣಾಸಾಬ. ಹತ್ತು ಸಾಲಿಗೊಮ್ಮೆ ಹೆಸರಿನ ಜಾಗದಲ್ಲಿ 'ಅಬ್ಬಾ'. ಬಂದದ್ದು ರಾತ್ರಿ ಒಂಬತ್ತು ಐವತ್ತಕ್ಕೆ, ತೂಕವಾದದ್ದು ನಸುಕಿನ ನಾಲ್ಕು ನಲವತ್ತಕ್ಕೆ. ಅಚ್ಚಾದ ವರದಿಯಲ್ಲಿ ಅದೇ ಸಾಲು ಹುಡುಕಿದೆ. ನಲವತ್ತಾರು ನಿಮಿಷ.

"ಇವನ್ನ ತಿದ್ದುವಾಗ..." ಎಂದು ಶುರು ಮಾಡಿ ನಿಲ್ಲಿಸಿದೆ.

ಅವಳು ಬರೆಯುತ್ತಲೇ ಹೇಳಿದಳು. "ಅಬ್ಬಾಂದು ಎಲ್ಲಾರಕಿಂತ ಕಡೀಕ ತಿದ್ದೀನ್ರಿ ಸರ್. ಆ ದಿನ ಅವರ ಮಾರಿ ನೋಡಾಕ ಆಗಲಿಲ್ಲ."

"ತಪ್ಪಾತವಾ ನಂದು" ಎಂದೆ. ಇಪ್ಪತ್ತು ವರ್ಷದ ಮೇಷ್ಟರಿಕೆಯಲ್ಲಿ ಯಾವ ವಿದ್ಯಾರ್ಥಿಗೂ ಈ ಮಾತು ಹೇಳಿದವನಲ್ಲ.

ಅವಳು ತಲೆ ಎತ್ತಿ ನನ್ನನ್ನು ಒಂದು ಗಳಿಗೆ ನೋಡಿದಳು. "ಮುಂದ ಓದ್ರಿ ಸರ್, ಮೂರೂಕಾಲಾತು" ಎಂದಳು. ಮುಂದಿನ ಸಾಲಿಗೆ ಬೆರಳಿಟ್ಟು ಓದಿದೆ.