ಪಂಚಮಿ ಡಬ್ಬಿ

ನಮ್ಮ ಮನೆಯಲ್ಲಿ ದೇವರ ಗೂಡಿಗಿಂತ ಡಬ್ಬಿಗಳ ಗೂಡಿಗೆ ಮರ್ಯಾದೆ ಹೆಚ್ಚು. ಲಗ್ಗೆರೆಯ ಈ ಬಾಡಿಗೆ ಮನೆಗೆ ಬಂದ ವರ್ಷವೇ ಅತ್ತೆ ಹನುಮವ್ವ ಅವನ್ನು ಸಾಲಾಗಿ ಇಟ್ಟರು. ನನ್ನ ಮಗಳು ಶಾಂಭವಿಯ ಸ್ಕೂಲ್ ಫೀಸಿಗೊಂದು, ವಿಮೆಯ ಕಂತಿಗೊಂದು, ದೀಪಾವಳಿಗೊಂದು, ನಾಗರ ಪಂಚಮಿಗೊಂದು. ವರ್ಷಕ್ಕೊಮ್ಮೆ ಬರುವ ಖರ್ಚು ಹೇಳಿ ಕೇಳಿಯೇ ಬರುತ್ತದೆ, ಬಂದ ಮೇಲೆ ಬಾಯಿ ಬಡಿದುಕೊಳ್ಳುವುದು ಯಾಕೆ ಎಂಬುದು ಅವರ ವಾದ. ಸಂಬಳದ ದಿನ ಅತ್ತೆ, ಗಂಡ, ನಾನು ಮೂವರೂ ಗೂಡಿನ ಮುಂದೆ ಕೂರಲೇಬೇಕು.

ಎಲ್ಲದರಲ್ಲೂ ಪಂಚಮಿ ಡಬ್ಬಿ ಅತ್ತೆಯ ಮುದ್ದಿನದು. ಊರಿನಿಂದ ನಾದಿನಿ ಗೌರಿ ಬರುತ್ತಾಳೆ, ಅವಳಿಗೆ ಸೀರೆ ಉಡಿಸಿ, ಎಳ್ಳು ಶೇಂಗಾದ ಉಂಡಿ ಕಟ್ಟಿ ಕಳಿಸಬೇಕು. ಅದಕ್ಕೆ ತಿಂಗಳಿಗೆ ನನ್ನದು ಐನೂರು, ಗಂಡ ಈಶಪ್ಪನದು ಐನೂರು, ಅತ್ತೆಯ ಪಿಂಚಣಿಯಿಂದ ಐನೂರು. ಅತ್ತೆ ಮಾತ್ರ ನೋಟನ್ನು ಹಣೆಗೆ ಒತ್ತಿಕೊಂಡು ಹಾಕುತ್ತಿದ್ದರು. ಪಿಂಚಣಿ ದೇವರು ಕೊಟ್ಟದ್ದೋ ಸರಕಾರ ಕೊಟ್ಟದ್ದೋ ಎಂದು ನಾನು ರೇಗಿಸುತ್ತಿದ್ದೆ.

ಸಂಕ್ರಾಂತಿ ಮುಗಿದ ವಾರ ಅತ್ತೆ ತೀರಿಕೊಂಡರು. ವರ್ಷ ತುಂಬುವ ತನಕ ಹಬ್ಬ ಮಾಡಬಾರದು ಎಂದರು ಹಿರಿಯರು. ಆಯಿತು ಎಂದೆವು. ನಾನು ಅಳಲಿಲ್ಲ, ಈಶಪ್ಪನೂ ಅಳಲಿಲ್ಲ. ಊರಲ್ಲಿ ಕಾರ್ಯ ಮುಗಿಸಿ ಬಂದು ಅವರು ಪೀಣ್ಯದ ಫ್ಯಾಕ್ಟರಿಗೆ, ನಾನು ಪ್ಯಾಕಿಂಗ್ ಕೆಲಸಕ್ಕೆ ಹೋದೆವು. ಮನಸ್ಸಿಗೆ ಜೋಮು ಹಿಡಿದಿತ್ತು, ಅಷ್ಟೆ. ಸಂಬಳದ ದಿನ ಕೈ ತಾನಾಗಿ ಗೂಡಿಗೆ ಹೋಯಿತು. ಮಾಡದ ಹಬ್ಬಕ್ಕೂ ಇಬ್ಬರೂ ನಮ್ಮ ನಮ್ಮ ಪಾಲು ಹಾಕಿದೆವು. ಬೇಡ ಎನ್ನುವುದು ಯಾರಿಗೂ ಹೊಳೆಯಲಿಲ್ಲ.

ಈಶಪ್ಪ ಬಸ್ಸು ಬಿಟ್ಟು ಕೆಲಸಕ್ಕೆ ನಡೆದೇ ಹೋಗತೊಡಗಿದರು. ಯಾಕೆಂದು ಕೇಳಿದರೆ, "ನಡದ್ರ ಹಗುರ ಅನಸ್ತೈತಿ" ಎಂದರು. ದುಃಖಕ್ಕೆ ಒಬ್ಬೊಬ್ಬರದು ಒಂದೊಂದು ದಾರಿ ಎಂದುಕೊಂಡೆ.

ಜೂನ್‌ನಲ್ಲಿ ಸ್ಕೂಲಿನವರು ಫೀಸು ಏರಿಸಿದರು. ಫೀಸಿನ ಡಬ್ಬಿಯಲ್ಲಿ ಎಂಟು ಸಾವಿರ ಕಡಿಮೆ. ಪ್ರತಿ ಸಲ ಇಂಥ ಹೊತ್ತಿಗೆ ನನ್ನ ಕಿವಿಯ ಓಲೆ ಗಿರವಿಗೆ ಹೋಗುತ್ತಿತ್ತು. ಈ ಸಲ ಅದು ಅತ್ತೆಯ ಮಣ್ಣಿನ ಖರ್ಚಿಗೇ ಹೋಗಿತ್ತು. ಶನಿವಾರದೊಳಗೆ ಕಟ್ಟದಿದ್ದರೆ ಶಾಂಭವಿಯನ್ನು ಕ್ಲಾಸಿಗೆ ಕೂರಿಸುವುದಿಲ್ಲ ಎಂದು ಫೋನು ಬಂತು.

"ರೀ, ಪಂಚಮಿ ಡಬ್ಬಿ ತುಂಬೇತಿ. ಹೆಂಗೂ ಹಬ್ಬ ಇಲ್ಲಲ್ಲ, ತೆಗೀಲೇನ್ರಿ?"

"ಅದನ್ನ ಮುಟ್ಟಬ್ಯಾಡ."

"ಯಾಕ?"

ಗೋಡೆಗೆ ಮುಖ ಮಾಡಿ ಮಲಗಿದರು. ನನಗೆ ಪಿತ್ತ ನೆತ್ತಿಗೇರಿತು.

"ಇಲ್ಲದ ಹಬ್ಬಕ್ಕ ರೊಕ್ಕ ಇಟ್ಕೊಂಡು ಪೂಜಾ ಮಾಡ್ತೀರೇನು? ಮಗಳು ಬಾಗಲಾಗ ನಿಂದರ್ಲೇನು?"

ಅವರು ಚಾದರವನ್ನು ತಲೆಯ ಮೇಲೆ ಎಳೆದುಕೊಂಡರು.

ಶನಿವಾರ ಅವರಿಗೆ ಮಧ್ಯಾಹ್ನದ ಶಿಫ್ಟು. ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ಡಬ್ಬಿ ಇಳಿಸಿ ನೆಲದ ಮೇಲೆ ಸುರಿದೆ. ಐನೂರರ ನೋಟುಗಳ ನಡುವೆ ರಬ್ಬರ್ ಬ್ಯಾಂಡ್ ಹಾಕಿದ ಸಣ್ಣ ಸಣ್ಣ ಕಟ್ಟುಗಳು ಬಿದ್ದವು. ಎಲ್ಲ ಹತ್ತು, ಇಪ್ಪತ್ತರ ನೋಟುಗಳು, ಬೆವರಿಗೆ ಮೆತ್ತಗಾದವು. ಒಂದು ಕಟ್ಟು ಬಿಚ್ಚಿ ಎಣಿಸಿದೆ, ಐನೂರು. ಇನ್ನೊಂದನ್ನು ಎಣಿಸಿದೆ, ಅದೂ ಐನೂರು. ಕಟ್ಟುಗಳ ಲೆಕ್ಕ ನೋಡಿದರೆ, ಅತ್ತೆ ಹೋದ ಮೇಲೆ ತಿಂಗಳಿಗೊಂದು ಬಿದ್ದಿತ್ತು. ನಮ್ಮವರು ಉಳಿಸಿದ ಬಸ್ಸಿನ ದುಡ್ಡು.

ತಲೆ ಒರೆಸಿಕೊಳ್ಳುತ್ತ ಬಂದ ಈಶಪ್ಪ ಬಾಗಿಲಲ್ಲೇ ನಿಂತರು.

"ಅವ್ವನ ಪಾಲು," ಎಂದರು.

"ಹಬ್ಬ ಇಲ್ಲಲ್ರಿ."

"ಗೊತ್ತೈತಿ. ಪಾಲು ನಿಲ್ಲಿಸಿದ್ರ ಅವ್ವ ಇಲ್ಲ ಅಂದಂಗ ಆಕ್ಕೈತಿ."

ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ನೋಟುಗಳನ್ನು ಒಟ್ಟುಮಾಡಿ ಡಬ್ಬಿಗೆ ತುಂಬಿ ಮುಚ್ಚಳ ಹಾಕಿದೆ. ಆ ದುಡ್ಡು ಮುಟ್ಟಲು ನನ್ನಿಂದಲೂ ಆಗಲಿಲ್ಲ. ಶಾಂಭವಿ ಯೂನಿಫಾರ್ಮ್ ಹಾಕಿಕೊಂಡು, ಹೋಗುವುದೋ ಬೇಡವೋ ತಿಳಿಯದೆ ಇಬ್ಬರ ಮುಖವನ್ನೂ ನೋಡುತ್ತಿದ್ದಳು.

ಈಶಪ್ಪ ಅವಳನ್ನು ನೋಡಿದರು. ಆಮೇಲೆ ನನ್ನ ಪಕ್ಕ ಕೂತು ತಾವೇ ಮುಚ್ಚಳ ತೆಗೆದರು. ಎಂಟು ಸಾವಿರ ಎಣಿಸಿದರು, ಮೊದಲು ಆ ಸಣ್ಣ ಕಟ್ಟುಗಳನ್ನೇ ತೆಗೆದುಕೊಂಡರು. ಅತ್ತೆಯ ಹಾಗೆಯೇ ಹಣೆಗೆ ಒತ್ತಿಕೊಂಡು ನನ್ನ ಕೈಗಿಟ್ಟರು.

"ತಗೋ. ಮೊಮ್ಮಗಳ ಫೀಸು ಅವ್ವನೇ ಕಟ್ಟಿದ್ಲು ಅನ್ನು."

ಸ್ಕೂಲಿನ ಕೌಂಟರಿನಲ್ಲಿ ಗುಮಾಸ್ತ ಮುಖ ಸಿಂಡರಿಸಿದ. "ಏನ್ ಮೇಡಂ ಇದು, ಇಷ್ಟೊಂದು ಹತ್ತರ ನೋಟು? ಯಾರ್ ಕೊಟ್ರು?"

"ಅವರಜ್ಜಿ ಸಾರ್," ಎಂದೆ.

"ಅಜ್ಜಿಗೆ ಹೇಳಿ, ಮುಂದಿನ್ ವರ್ಷ ದೊಡ್ ನೋಟು ಕೊಡಕ್ಕೆ."

ಹೂಂ ಎನ್ನಲು ಬಾಯಿ ತೆರೆದೆ. ಸಂಕ್ರಾಂತಿಯಿಂದ ಬಾರದ ಅಳು ಆಗ ಬಂತು, ಸೆರಗು ಬಾಯಿಗೆ ತುರುಕಿದರೂ ನಿಲ್ಲಲಿಲ್ಲ. ಗುಮಾಸ್ತ ಗಾಬರಿಯಾಗಿ ಉಳಿದ ನೋಟುಗಳನ್ನು ಎಣಿಸದೆಯೇ ರಸೀದಿ ಹರಿದು ಕೊಟ್ಟ.